ರೋಗಿ ಸಹಕರಿಸಲಿಲ್ಲ

ಬ್ಲೇಡು ನನ್ನ ಬಲಗೈಯಲ್ಲಿತ್ತು. ಅದರ ತುದಿಗೂ ರೋಗಿಯ ಕಣ್ಣಿಗೂ ನಡುವೆ ಒಂದು ಬೆರಳಿನಷ್ಟು ಅಂತರ. ಆಗ ಆ ಹಿರಿಯರು ಎದ್ದು ಕುಳಿತರು.

ಎದ್ದು ಕುಳಿತರು ಎಂದರೆ ಕಡಿಮೆಯಾಯಿತು. ಮುಖದ ಮೇಲೆ ಅಂಟಿಸಿದ್ದ ನೀಲಿ ಹೊದಿಕೆಯನ್ನು ಎರಡೂ ಕೈಯಿಂದ ಕಿತ್ತು, ಹಣೆಯನ್ನು ಮೈಕ್ರೋಸ್ಕೋಪಿಗೆ ಬಡಿದುಕೊಂಡು, ಕಾಲುಗಳನ್ನು ಟೇಬಲ್ಲಿನಿಂದ ಕೆಳಗೆ ಇಳಿಬಿಟ್ಟು, ಎಂಬತ್ತೆಂಟು ವರ್ಷದ ಮನುಷ್ಯ ಬಾಗಿಲು ಯಾವ ಕಡೆಗಿದೆ ಎಂದು ಕೇಳಿದರು. ರೆಪ್ಪೆಗಳನ್ನು ಬಿಡಿಸಿ ಹಿಡಿಯುವ ತಂತಿಯ ಕ್ಲಿಪ್ಪು ಇನ್ನೂ ಕಣ್ಣಲ್ಲೇ ಇತ್ತು. ನಮ್ಮ ಥಿಯೇಟರ್ ನರ್ಸ್ ಓಡಿಬಂದು ಅವರ ಭುಜ ಹಿಡಿದು ಆ ಕ್ಲಿಪ್ಪನ್ನು ತೆಗೆದಳು. ನಾನು ಬ್ಲೇಡು ಹಿಡಿದ ಕೈಯನ್ನು ಮೇಲೆತ್ತಿಕೊಂಡು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಆಮೇಲೆ ಗ್ಲೋವ್ಸ್ ತೆಗೆದಾಗ ಬೆರಳುಗಳೆಲ್ಲ ನೀರಲ್ಲಿ ನೆನೆದಂತೆ ಒದ್ದೆಯಾಗಿದ್ದವು.

ಅವರಿಗೆ ಇದ್ದದ್ದು ಅದೊಂದೇ ಕಣ್ಣು. ಎಡಗಣ್ಣು ಎಷ್ಟೋ ವರ್ಷಗಳ ಹಿಂದೆ ಅಕ್ಷಿಪಟಲ ಕಿತ್ತುಬಂದು ಕುರುಡಾಗಿತ್ತು. ಬಲಗಣ್ಣಿನಲ್ಲಿ ಪೊರೆ ಬೆಳೆದು ಬೆಳೆದು ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮುಖದ ಮುಂದೆ ಕೈ ಆಡಿಸಿದರೆ ಆಡಿದ್ದು ಗೊತ್ತಾಗುತ್ತಿತ್ತು, ಎಷ್ಟು ಬೆರಳು ಎಂದು ಹೇಳಲು ಆಗುತ್ತಿರಲಿಲ್ಲ. ಬ್ಲೇಡು ಒಳಗೆ ಹೋದಮೇಲೆ ಅವರು ಎದ್ದಿದ್ದರೆ ಆ ಬೆಳಕೂ ಅಲ್ಲಿಗೇ ಮುಗಿಯುತ್ತಿತ್ತು.

ನಮ್ಮ ಕ್ಲಿನಿಕ್ಕಿಗೆ ಬಂದ ಮೊದಲ ದಿನವೇ ಅವರು ತಮ್ಮ ಬದುಕನ್ನೆಲ್ಲ ಹೇಳಿದ್ದರು, ಅಥವಾ ಹಾಗೆಂದು ನಾನು ತಿಳಿದಿದ್ದೆ. ಹಂಗೇರಿಯ ಬುಡಾಪೆಸ್ಟಿನ ಯಹೂದಿ ಮನೆತನ. ಹತ್ತೊಂಬತ್ತನೆಯ ವಯಸ್ಸಿಗೆ ಅಲ್ಲಿನ ಒಂದು ವಿದ್ಯಾರ್ಥಿ ಪತ್ರಿಕೆಯ ವರದಿಗಾರ. ಸಾವಿರದ ಒಂಬೈನೂರ ಐವತ್ತಾರರಲ್ಲಿ ರಷ್ಯದ ಟ್ಯಾಂಕುಗಳು ಬಂದಾಗ ಗಡಿ ದಾಟಿ ಆಸ್ಟ್ರಿಯಾ, ಅಲ್ಲಿಂದ ಇಂಗ್ಲೆಂಡು. ಉತ್ತರ ಇಂಗ್ಲೆಂಡಿನ ಒಂದು ಊರಿನ ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ದುಡಿದು, ಆಮೇಲೆ ಅದೇ ಊರಿನ ಕೌನ್ಸಿಲರ್ ಆಗಿ, ಕೊನೆಗೆ ವಸತಿ ಸಮಿತಿಯ ಅಧ್ಯಕ್ಷರೂ ಆಗಿದ್ದರು. ನಿವೃತ್ತಿಯ ನಂತರ ಇಲ್ಲಿ ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಒಂದು ಫ್ಲ್ಯಾಟು, ಒಬ್ಬರೇ. ಹತ್ತು ನಿಮಿಷದ ಅಪಾಯಿಂಟ್‌ಮೆಂಟಿನಲ್ಲಿ ಇಷ್ಟನ್ನೂ ಹೇಳಿ, ನಾನು ಧಾರವಾಡದವಳೆಂದು ತಿಳಿದು ಅಲ್ಲಿ ಕಾರ್ಪೊರೇಷನ್ ಚುನಾವಣೆ ಹೇಗೆ ನಡೆಯುತ್ತದೆ ಎಂದು ನನ್ನನ್ನೇ ಸಂದರ್ಶನ ಮಾಡಿ ಹೋಗಿದ್ದರು.

ಇಷ್ಟು ಮಾತಾಡುವ ಮನುಷ್ಯ ಟೇಬಲ್ಲಿನ ಮೇಲೆ ಹೀಗೆ ಮಾಡಿದ್ದು ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ವ್ಯವಧಾನವೂ ಇರಲಿಲ್ಲ, ಏಕೆಂದರೆ ಆ ದಿನದ ಪಟ್ಟಿಯಲ್ಲಿ ಇನ್ನೂ ಆರು ಜನರಿದ್ದರು. ಪಕ್ಕದ ಕೋಣೆಗೆ ಹೋಗಿ ಅವರ ಜಿಪಿಗೆ, ಅಂದರೆ ಅವರ ಕುಟುಂಬ ವೈದ್ಯರಿಗೆ, ಕಳಿಸುವ ಪತ್ರವನ್ನು ಮೈಕಿನಲ್ಲಿ ಹೇಳಿ ಬರೆಸಿದೆ: ‘ಮುಖದ ಹೊದಿಕೆ ಹಾಕಿದ ನಂತರ ರೋಗಿ ಸಹಕರಿಸಲಿಲ್ಲ. ಶಸ್ತ್ರಚಿಕಿತ್ಸೆಯನ್ನು ಕೈಬಿಡಲಾಯಿತು.’ ಇಂಥ ಪತ್ರದ ಒಂದು ಪ್ರತಿ ಇಲ್ಲಿ ರೋಗಿಗೂ ಅಂಚೆಯಲ್ಲಿ ಹೋಗುತ್ತದೆ. ಅದರ ಬಗ್ಗೆ ನಾನು ಮತ್ತೆ ಯೋಚಿಸಲಿಲ್ಲ.

ಯೋಚಿಸಿದ್ದು ನನ್ನ ಕೈಯ ಬಗ್ಗೆ. ಅದಕ್ಕೆ ಆರು ವಾರ ಮೊದಲು ಇನ್ನೊಬ್ಬ ರೋಗಿಯ ಪೊರೆ ತೆಗೆಯುವಾಗ ಲೆನ್ಸಿನ ಹಿಂದಿನ ಚೀಲ ಹರಿದಿತ್ತು. ಈ ಚೀಲ ಈರುಳ್ಳಿಯ ಒಳಪದರಕ್ಕಿಂತ ತೆಳ್ಳಗೆ. ಅದರ ಹಿಂದೆ ಕಣ್ಣು ತುಂಬ ಲೋಳೆ. ಹರಿದಾಗ ಮಾಡಬೇಕಾದದ್ದು ಎಲ್ಲ ಪುಸ್ತಕದಲ್ಲೂ ಇದೆ: ಉಪಕರಣವನ್ನು ಎಲ್ಲಿದೆಯೋ ಅಲ್ಲೇ ಹಿಡಿದುಕೋ, ನೀರು ಹರಿಯುತ್ತಿರಲಿ, ಇನ್ನೊಂದು ಕೈಯಿಂದ ಜೆಲ್ ತುಂಬು, ಆಮೇಲೆ ಹೊರಗೆ ತೆಗೆ. ನಾನು ಹೆದರಿ ತಟ್ಟನೆ ಹೊರಗೆಳೆದುಬಿಟ್ಟೆ. ಲೋಳೆ ಮುಂದಕ್ಕೆ ನುಗ್ಗಿತು, ಪೊರೆಯ ಒಂದು ತುಂಡು ಹಿಂದಕ್ಕೆ ಬಿತ್ತು. ಅದನ್ನು ತೆಗೆಯಲು ಬೇರೆ ಸರ್ಜನ್ ಎರಡನೇ ಆಪರೇಷನ್ ಮಾಡಬೇಕಾಯಿತು. ಆ ರೋಗಿಗೆ ಇನ್ನೊಂದು ಕಣ್ಣಿತ್ತು, ಅವರು ನನ್ನನ್ನು ಬೈಯಲೂ ಇಲ್ಲ. ಆದರೆ ಅಂದಿನಿಂದ ಸೋಪು ಹಚ್ಚಿ ಕೈ ತೊಳೆಯುವಾಗಲೆಲ್ಲ ಎಡಗೈಯ ಕಿರುಬೆರಳು ತಾನಾಗಿ ಅಲುಗಲು ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಆ ಹಿರಿಯರು ಎದ್ದು ಕುಳಿತಾಗ ಭಯದ ಜೊತೆಗೆ ಒಳಗೊಳಗೇ ಒಂದು ಸಮಾಧಾನವೂ ಆಗಿತ್ತು, ಸದ್ಯ ಈ ಕಣ್ಣು ನನ್ನ ಕೈಗೆ ಬರಲಿಲ್ಲ ಎಂದು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದು ನಿಜ.

ಈ ಸಲ ಕಣ್ಣನ್ನಷ್ಟೇ ಮರಗಟ್ಟಿಸದೆ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡೋಣವೆಂದು ನಮ್ಮ ಅರಿವಳಿಕೆ ತಜ್ಞರನ್ನು ಕೇಳಲು ಹೋದೆ. ಅವರು ವಿಜಯಪುರದವರು, ಮನೆಯಲ್ಲಿ ದಖನಿ ಉರ್ದು ಮಾತಾಡುವವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದಾಗ ಕನ್ನಡ. ನಾನು ಅವರನ್ನು ಭಾಯಿ ಎನ್ನುತ್ತೇನೆ, ಅವರು ನನ್ನನ್ನು ತಂಗಿ ಎನ್ನುತ್ತಾರೆ. ಅವರು ಕಾಫಿ ಕೋಣೆಯಲ್ಲಿ ಕೂತು ಹಾರ್ಟ್ ಸ್ಕ್ಯಾನಿನ ರಿಪೋರ್ಟು ಓದಿದರು.

“ಹೃದಯದ ಬಾಗಲಾ ಸೂಜಿ ತೂತಿನಷ್ಟ ಉಳದೈತಿ ತಂಗಿ. ನಾ ಮಲಗಸ್ತೀನಿ, ಎಬ್ಬಸೂದು ನನ್ನ ಕೈಯಾಗಿಲ್ಲ.”

“ಹಂಗಾರ ಏನ ಮಾಡೂದು ಭಾಯಿ? ಮುಖದ ಮ್ಯಾಲ ಬಟ್ಟಿ ಹಾಕಿದ ಕೂಡಲೇ ಎದ್ದ ಬಿಡ್ತಾರ. ಸಹಕಾರನ ಇಲ್ಲ.”

“ಯಾಕ ಎದ್ರು?”

“ಗೊತ್ತಿಲ್ಲ.”

“ಕೇಳಿದೇನು?”

ನಾನು ರಿಪೋರ್ಟನ್ನು ಫೈಲಿಗೆ ಸೇರಿಸತೊಡಗಿದೆ.

“ಕೇಳಲಾರದ ಸಹಕಾರ ಇಲ್ಲ ಅಂತ ಬರದಿ. ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ. ಮಂದಿ ಕಣ್ಣ ನೋಡ್ತಿ, ಮಂದೀನ ನೋಡೂದಿಲ್ಲ. ಹೋಗಿ ಕೇಳು ಮೊದಲ.”

ಸಿಟ್ಟು ಬಂತು. ಭಾಯಿ ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮುಂದಿನ ವಾರ ಆ ಹಿರಿಯರನ್ನು ಕ್ಲಿನಿಕ್ಕಿನ ಕೊನೆಯ ಅಪಾಯಿಂಟ್‌ಮೆಂಟಿಗೆ ಕರೆಸಿದೆ, ಹಿಂದೆ ಯಾರೂ ಕಾಯುತ್ತಿರಬಾರದು ಎಂದು. ಟ್ಯಾಕ್ಸಿಯಿಂದ ಇಳಿದು ಗೋಡೆ ತಡವುತ್ತ ಬಂದರು. ಟೈ ಕಟ್ಟಿದ್ದರು. ಹಣೆಯಲ್ಲಿ ಮೈಕ್ರೋಸ್ಕೋಪು ತಾಗಿದ ಕಡೆ ಹಳದಿ ಕಲೆ ಇತ್ತು. ಮೊದಲ ಐದು ನಿಮಿಷ ಶೆಫೀಲ್ಡಿನ ಬಸ್ಸುಗಳನ್ನು ಬೈದರು. ನಾನು ನೇರವಾಗಿ ಕೇಳಿಬಿಟ್ಟೆ.

“ಅವತ್ತು ಯಾಕೆ ಎದ್ದಿರಿ?”

ಅವರು ಟೈಯ ಗಂಟನ್ನು ಸಡಿಲಿಸಿದರು. ಆಮೇಲೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಅವರಿಗೆ ಏಳು ವರ್ಷ. ತಾಯಿಯ ಜೊತೆ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ಕಲ್ಲಿದ್ದಲ ರಾಶಿಯ ಹಿಂದೆ ಅಡಗಿದ್ದರು. ಯಹೂದಿಗಳನ್ನು ಹುಡುಕುವವರು ಬಂದಾಗ ತಾಯಿ ಮಗನ ಮೇಲೆ ಗೋಣಿ ಹೊದಿಸಿ, ಮೇಲೆ ಇದ್ದಲು ಹರಡಿ, ತಾನೂ ಪಕ್ಕದಲ್ಲಿ ಮಲಗಿ, ಅವನ ಬಾಯಿಯ ಮೇಲೆ ಕೈ ಇಡುತ್ತಿದ್ದಳು. ತಲೆಯ ಮೇಲೆ ಬೂಟಿನ ಸದ್ದು.

“ಬೂಟಿನ ಸದ್ದಿಗೆ ನನಗೆ ಹೆದರಿಕೆ ಇರಲಿಲ್ಲ ಡಾಕ್ಟರ್. ಸದ್ದು ಮಾಡುವವರು ನಡೆಯುತ್ತಿದ್ದಾರೆ ಎಂದರ್ಥ. ಸದ್ದು ನಿಂತಾಗ ಹೆದರಿಕೆ. ನಿಂತರೆ ಅವರು ಕಿವಿಗೊಟ್ಟು ಕೇಳುತ್ತಿದ್ದಾರೆ ಎಂದರ್ಥ. ಅವತ್ತು ನೀವು ಆ ಬಟ್ಟೆ ಹಾಕಿದಿರಿ, ಅದನ್ನು ಹೇಗೋ ತಡೆದುಕೊಂಡೆ. ಆಮೇಲೆ ನೀವೆಲ್ಲ ಒಟ್ಟಿಗೆ ಮಾತು ನಿಲ್ಲಿಸಿದಿರಿ.”

ಹೌದು, ನಿಲ್ಲಿಸಿದ್ದೆವು. ನಾನು ಬ್ಲೇಡು ತೆಗೆದುಕೊಂಡಾಗ ಥಿಯೇಟರಿನಲ್ಲಿ ಯಾರೂ ಮಾತಾಡಬಾರದು ಎಂಬುದು ನನ್ನದೇ ಕಟ್ಟಳೆ. ಚೀಲ ಹರಿದ ಆ ಕೇಸಿನ ನಂತರ ಅದನ್ನು ಇನ್ನೂ ಬಿಗಿ ಮಾಡಿದ್ದೆ, ರೇಡಿಯೋ ಕೂಡ ಆರಿಸುತ್ತಿದ್ದೆ.

ಆಪರೇಷನ್ ಇಲ್ಲದೆಯೂ ಇರಬಹುದಲ್ಲ, ಅಪಾಯ ಬೇಡ ಎನ್ನಿಸಿದರೆ ಬಿಡಬಹುದು ಎಂದೆ. ನನಗೂ ಅದೇ ಬೇಕಾಗಿತ್ತೋ ಏನೋ. ಅವರು ತಲೆ ಅಲ್ಲಾಡಿಸಿದರು.

“ನನಗೆ ಒಂದು ಪುಟ ಬರೆಯುವುದಿದೆ. ನನ್ನ ಕೈಯಿಂದ. ಹೇಳಿ ಬರೆಸಿದರೆ ಅದು ಭಾಷಣವಾಗಿಬಿಡುತ್ತದೆ, ನನಗೆ ಗೊತ್ತು.”

ಆ ಪುಟ ಯಾವುದೆಂದು ಕೂಡ ಹೇಳಿದರು. ಪತ್ರಕರ್ತರಾಗಿದ್ದಾಗ ಅವರು ಆ ಊರಿನ ಬಾಡಿಗೆ ಕಟ್ಟಡಗಳ ಹಸಿ ಗೋಡೆ, ಬಿರುಕು ಬಿಟ್ಟ ಬಾಲ್ಕನಿಗಳ ಬಗ್ಗೆ ಬರೆದು ಬರೆದು ಹೆಸರಾದವರು. ಆ ಹೆಸರಿನ ಮೇಲೆಯೇ ಚುನಾವಣೆ ಗೆದ್ದರು. ಸಮಿತಿಯ ಅಧ್ಯಕ್ಷರಾದಮೇಲೆ ಒಂದು ಸಂಜೆ ಬಾಡಿಗೆದಾರರ ಸಭೆ. ಒಂದು ಕಟ್ಟಡದ ಬಾಲ್ಕನಿ ನಂಬುವಂತಿಲ್ಲ ಎಂಬ ಎಂಜಿನಿಯರ್ ವರದಿ ಅವರ ಚೀಲದಲ್ಲೇ ಇತ್ತು. ದುರಸ್ತಿ ಮುಂದಿನ ವರ್ಷಕ್ಕೆ ನಿಗದಿಯಾಗಿತ್ತು, ಅಲ್ಲಿಯವರೆಗೆ ಗದ್ದಲ ಬೇಡವಾಗಿತ್ತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಎದ್ದು ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗಬಹುದೇ ಎಂದು ಕೇಳಿದಳು. ಎಲ್ಲವೂ ಹತೋಟಿಯಲ್ಲಿದೆ ಎಂದರು ಇವರು. ಎರಡು ತಿಂಗಳಿಗೆ ಬಾಲ್ಕನಿ ಕುಸಿಯಿತು. ಅವಳು ಬದುಕಿದಳು, ಆದರೆ ಮತ್ತೆಂದೂ ನಡೆಯಲಿಲ್ಲ. ಇವರು ಹೂ ತೆಗೆದುಕೊಂಡು ಆಸ್ಪತ್ರೆಗೆ ಹೋದಾಗ ಅವಳು, “ನಿಮಗೆ ಗೊತ್ತಿತ್ತಾ?” ಎಂದು ಕೇಳಿದಳು. ಇವರು ವಿಚಾರಣೆ ನಡೆಯುತ್ತಿದೆ ಎಂದರು.

“ಪತ್ರಿಕೆಯಲ್ಲಿ ತಪ್ಪು ಬರೆದರೆ ಮರುದಿನ ಎರಡನೇ ಪುಟದಲ್ಲಿ ತಿದ್ದುಪಡಿ ಹಾಕುತ್ತಿದ್ದೆವು. ಸಣ್ಣ ಅಕ್ಷರದಲ್ಲಿ, ಆದರೂ ಹಾಕುತ್ತಿದ್ದೆವು. ರಾಜಕೀಯದಲ್ಲಿ ಆ ಪುಟವೇ ಇರಲಿಲ್ಲ. ಅವಳು ತೀರಿಕೊಂಡಿದ್ದಾಳೆ, ಮಗಳಿದ್ದಾಳೆ. ಆ ಮಗಳಿಗೆ ಬರೆಯಬೇಕು.”

ಆಮೇಲೆ ಅವರು ತಮ್ಮ ಷರತ್ತು ಹೇಳಿದರು. ಆಪರೇಷನ್ ಮುಗಿಯುವವರೆಗೆ ನಾನು ಮಾತಾಡುತ್ತಲೇ ಇರಬೇಕು. ಏನು ಮಾಡುತ್ತಿದ್ದೇನೋ ಅದನ್ನೇ ಹೇಳಬೇಕು. ಸುಳ್ಳು ಹೇಳಬಾರದು.

“ಎಲ್ಲವೂ ಹತೋಟಿಯಲ್ಲಿದೆ ಎಂದು ಮಾತ್ರ ಹೇಳಬೇಡಿ. ಆ ಮಾತು ಹೇಗೆ ಹುಟ್ಟುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅದನ್ನು ಕೇಳಿದರೆ ನಾನು ಎದ್ದುಬಿಡುತ್ತೇನೆ.”

ಒಪ್ಪಿಕೊಂಡು ಮನೆಗೆ ಬಂದೆ. ಬಂದಮೇಲೆ ನಿಜವಾದ ಹೆದರಿಕೆ ಶುರುವಾಯಿತು. ಹದಿನೆಂಟು ವರ್ಷದಿಂದ ನಾನು ಬಾಯಿ ಮುಚ್ಚಿಕೊಂಡು ಆಪರೇಷನ್ ಮಾಡಿದವಳು. ಕಲಿಯುವಾಗ ನಾವು ಟೊಮ್ಯಾಟೊ ಹಣ್ಣಿನ ಸಿಪ್ಪೆಯನ್ನು ಚಿಮಟದಿಂದ ದುಂಡಗೆ ಹರಿದು ಅಭ್ಯಾಸ ಮಾಡುತ್ತಿದ್ದೆವು, ಪೊರೆಯ ಮುಂದಿನ ಪದರವನ್ನು ಬಿಡಿಸುವುದು ಹಾಗೆಯೇ ಎಂದು. ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಒಂದು ಕಿಲೋ ಟೊಮ್ಯಾಟೊ ಇಟ್ಟುಕೊಂಡು, ಪ್ರತಿ ಚಲನೆಯನ್ನೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತ ಸಿಪ್ಪೆ ಬಿಡಿಸಿದೆ. ಮಾತಿನ ಮೇಲೆ ಗಮನ ಹೋದರೆ ಸಿಪ್ಪೆ ಓರೆಯಾಗಿ ಹರಿಯುತ್ತಿತ್ತು, ಸಿಪ್ಪೆಯ ಮೇಲೆ ಹೋದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದೀಯ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಮೇಲೆ ಹೋದಳು. ಹನ್ನೊಂದನೆಯ ಹಣ್ಣಿಗೆ ಎರಡೂ ಒಟ್ಟಿಗೆ ಬಂದವು. ಆ ವಾರವಿಡೀ ಮನೆಯಲ್ಲಿ ಸಾರೇ ಸಾರು.

ನರ್ಸ್ ಪಕ್ಕದ ಊರು ಬಾರ್ನ್‌ಸ್ಲಿಯವಳು, ಎಲ್ಲರನ್ನೂ ಲವ್ ಎಂದೇ ಕರೆಯುವವಳು. ಹೊದಿಕೆಯನ್ನು ಬದಲಿಸಿದ್ದು ಅವಳು. ಪಾರದರ್ಶಕ ಪ್ಲಾಸ್ಟಿಕ್ಕಿನದನ್ನು ತರಿಸಿ, ಕತ್ತರಿಸಿ, ಕಣ್ಣಿನ ಸುತ್ತ ಅಂಗೈಯಷ್ಟು ಮಾತ್ರ ಅಂಟುವಂತೆ ಮಾಡಿದಳು. ಎದೆಯ ಮೇಲೆ ಬರುವ ಭಾಗವನ್ನು ಒಂದು ಲೋಹದ ಕಂಬಿಯ ಮೇಲೆ ಎತ್ತಿಟ್ಟಳು, ಮೂಗು ಬಾಯಿ ತೆರೆದಿರುವಂತೆ. ತನ್ನ ಊಟದ ವಿರಾಮದಲ್ಲಿ ಅವರನ್ನು ಕರೆಸಿ ಮೂರು ಸಲ ಖಾಲಿ ಟೇಬಲ್ಲಿನ ಮೇಲೆ ಮಲಗಿಸಿ ಅಭ್ಯಾಸ ಮಾಡಿಸಿದಳು. ಮೊದಲ ಸಲ ನಾಲ್ಕು ನಿಮಿಷ, ಎರಡನೇ ಸಲ ಹನ್ನೊಂದು, ಮೂರನೇ ಸಲ ಅರ್ಧ ಗಂಟೆ. ಆಪರೇಷನ್ ನಡೆಯುವಾಗ ಅವರು ಬಾಯಿ ತೆರೆಯುವಂತಿಲ್ಲ, ದವಡೆ ಆಡಿದರೆ ತಲೆ ಆಡುತ್ತದೆ. ಹಾಗಾಗಿ ಕೈಯ ಭಾಷೆ ಮಾಡಿಕೊಂಡೆವು: ಅವಳ ಕೈಯನ್ನು ಎರಡು ಸಲ ಹಿಸುಕಿದರೆ ಕೆಮ್ಮು ಬರುತ್ತಿದೆ, ಒಂದು ಸಲ ಹಿಸುಕಿದರೆ ನಿಲ್ಲಿಸಿ.

ಆಪರೇಷನ್ ದಿನ ಬೆಳಗಿನ ಪಟ್ಟಿಯಲ್ಲಿ ಅವರೇ ಮೊದಲು. ಕೈ ತೊಳೆಯುವಾಗ ಕಿರುಬೆರಳು ಅಲುಗಿತು. ಭಾಯಿ ಪಕ್ಕದ ನಲ್ಲಿಯಲ್ಲಿ ನಿಂತು ಅದನ್ನು ನೋಡಿದರು.

“ಹೆದರಿಕಿ ಆಗೇತೇನು?”

“ಭಾಳ ಆಗೇತಿ ಭಾಯಿ.”

“ಆಗಲಿ ಬಿಡು. ಹೆದರಿಕಿ ಇಲ್ಲದಾಕಿ ಕೈಯಾಗ ನಾ ನನ್ನ ಕಣ್ಣ ಕೊಡಂಗಿಲ್ಲ. ಬಿಸ್ಮಿಲ್ಲಾ ಅಂತ ನಾ ಅಂತೀನಿ, ನೀ ನಿಮ್ಮ ಬಸವಣ್ಣನ್ನ ನೆನಸ್ಕೋ, ನಡಿ.”

ಭಾಯಿ ಕಣ್ಣಿನ ಸುತ್ತ ಮರಗಟ್ಟಿಸುವ ಮದ್ದು ಕೊಟ್ಟು ಅವರ ತಲೆಯ ಹತ್ತಿರ ಕುಳಿತರು. ನರ್ಸ್ ಕೈ ಹಿಡಿದಳು, ಉಪಕರಣ ಕೊಡಲು ಇನ್ನೊಬ್ಬಳು ನಿಂತಳು. ಪ್ಲಾಸ್ಟಿಕ್ಕು ಅಂಟಿಸಿದೆವು. ಅವರ ಎದೆ ಜೋರಾಗಿ ಏರಿಳಿಯಿತು. ನಾನು ಮಾತು ಶುರು ಮಾಡಿದೆ.

ಈಗ ಬ್ಲೇಡು ತೆಗೆದುಕೊಂಡೆ. ಈಗ ಕಪ್ಪು ಗುಡ್ಡೆಯ ಅಂಚಿನಲ್ಲಿ ಒಂದು ಸಣ್ಣ ಬಾಗಿಲು ಮಾಡುತ್ತಿದ್ದೇನೆ. ಒಳಗೆ ಹೋದೆ. ಈಗ ನೀಲಿ ಬಣ್ಣ ಹಾಕುತ್ತೇನೆ, ಮುಂದಿನ ಪದರ ಕಾಣಲಿ ಎಂದು. ಈಗ ಅದನ್ನು ದುಂಡಗೆ ಬಿಡಿಸುತ್ತಿದ್ದೇನೆ, ಅರ್ಧ ಆಯಿತು, ಮುಕ್ಕಾಲು, ಮುಗಿಯಿತು. ಟೊಮ್ಯಾಟೊ ಹಣ್ಣಿಗಿಂತ ಇದೇ ಸುಲಭ ಎಂದೂ ಹೇಳಿದೆ, ನರ್ಸ್ ನಕ್ಕಳು. ಪೊರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ನಾಲ್ಕು ಹೋಳು ಮಾಡಿದೆ. ಒಂದು ಹೋಳು ಹೊರಗೆ ಬಂತು, ಎರಡು, ಮೂರು. ಇಪ್ಪತ್ತೈದು ನಿಮಿಷವಾಗಿತ್ತು. ನಾನು ವರದಿ ಮಾಡುತ್ತಲೇ ಇದ್ದೆ, ನನ್ನ ದನಿ ನನಗೇ ಹೊಸದಾಗಿ ಕೇಳುತ್ತಿತ್ತು.

ನಾಲ್ಕನೆಯ ಹೋಳನ್ನು ಹಿಡಿದಾಗ ಹಿಂದಿನ ಚೀಲದಲ್ಲಿ ಒಂದು ಕಪ್ಪು ಗೆರೆ ಕಂಡಿತು. ಒಂದು ಅಕ್ಕಿಕಾಳಿನ ತುದಿಯಷ್ಟು. ನಾನು ನೋಡುತ್ತಿದ್ದಂತೆ ಅದು ಸ್ವಲ್ಪ ಅಗಲವಾಯಿತು.

ನನ್ನ ವರದಿ ನಿಂತಿತು. ಬಲಗೈ, ಹಿಂದಿನ ಆ ಕೇಸಿನಲ್ಲಿ ಮಾಡಿದ್ದನ್ನೇ ಮತ್ತೆ ಮಾಡಲು, ಹೊರಗೆಳೆದು ಓಡಿಹೋಗಲು ತಯಾರಾಗಿ ನಿಂತಿತು. ಎಷ್ಟು ಹೊತ್ತು ಹಾಗಿದ್ದೆನೋ, ಐದು ಸೆಕೆಂಡು ಇರಬಹುದು. ಮಾನಿಟರಿನ ಬೀಪ್ ಬಿಟ್ಟರೆ ಬೇರೆ ಸದ್ದಿರಲಿಲ್ಲ.

“ಲವ್,” ಎಂದಳು ನರ್ಸ್ ಮೆಲ್ಲಗೆ. “ಅವರು ಹಿಸುಕಿದ್ರು. ಒಂದು ಸಲ.”

“ಹಾರ್ಟ್ ರೇಟ್ ನೂರಿಪ್ಪತ್ತು,” ಎಂದರು ಭಾಯಿ ಇಂಗ್ಲಿಷಿನಲ್ಲಿ. ಆಮೇಲೆ ಕನ್ನಡದಲ್ಲಿ, “ಮಾತಾಡು ತಂಗಿ.”

ಅವರ ಭುಜ ಬಿಗಿಯಾಗುತ್ತಿರುವುದು ನನ್ನ ಮಣಿಕಟ್ಟಿಗೆ ಗೊತ್ತಾಗುತ್ತಿತ್ತು. ಅವರು ಏಳಲಿದ್ದರು. ನನ್ನ ಉಪಕರಣ ಅವರ ಕಣ್ಣಿನೊಳಗಿತ್ತು. ಬಾಯಿಗೆ ಮೊದಲು ಬಂದ ಮಾತು ಯಾವುದು ಗೊತ್ತೇ? ಎಲ್ಲ ಸರಿಯಾಗಿದೆ, ಎಲ್ಲವೂ ಹತೋಟಿಯಲ್ಲಿದೆ. ತುಟಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

“ಹಿಂದಿನ ಚೀಲ ಹರಿದಿದೆ,” ಎಂದೆ. “ಸಣ್ಣದು. ನನಗೆ ಭಯವಾಗಿದೆ, ಅದಕ್ಕೇ ಮಾತು ನಿಂತಿತು. ಪೊರೆಯ ಒಂದು ಹೋಳು ಇನ್ನೂ ಒಳಗಿದೆ. ನೀವು ಈಗ ಅಲುಗಿದರೆ ಕಣ್ಣು ಹೋಗುತ್ತದೆ. ನಾನು ಉಪಕರಣವನ್ನು ಹೊರಗೆ ಎಳೆಯುವುದಿಲ್ಲ. ಎಲ್ಲಿದೆಯೋ ಅಲ್ಲೇ ಹಿಡಿದುಕೊಂಡಿದ್ದೇನೆ. ನೀರು ಹರಿಯುತ್ತಿದೆ. ಈಗ ಎಡಗೈಯಲ್ಲಿ ಜೆಲ್ ತೆಗೆದುಕೊಳ್ಳುತ್ತಿದ್ದೇನೆ.”

ಹೇಳಿದಮೇಲೆ ಮಾಡಲೇಬೇಕಾಯಿತು. ಒಂದೊಂದು ವಾಕ್ಯ ಮುಗಿದಂತೆ ಕೈ ಅದರ ಹಿಂದೆ ಹೋಯಿತು. ಜೆಲ್ ತುಂಬಿದೆ, ಹರಿದ ಜಾಗ ಮುಚ್ಚಿತು. ಈಗ ಉಪಕರಣ ಹೊರಗೆ ಬರುತ್ತಿದೆ, ನಿಧಾನವಾಗಿ, ಬಂತು. ಹೋಳು ಬಿದ್ದಿಲ್ಲ. ಜೆಲ್ಲಿನ ಮೇಲೆ ತೇಲುತ್ತಿದೆ. ಬಾಗಿಲನ್ನು ಸ್ವಲ್ಪ ಅಗಲ ಮಾಡಿ ಅದನ್ನು ಇಡಿಯಾಗಿ ತೆಗೆಯುತ್ತೇನೆ. ಬಂತು. ಲೋಳೆಯ ಒಂದೆರಡು ಎಳೆ ಮುಂದೆ ಬಂದಿವೆ, ಅವನ್ನು ಕತ್ತರಿಸುತ್ತಿದ್ದೇನೆ, ಇದಕ್ಕೆ ಹೊತ್ತು ಹಿಡಿಯುತ್ತದೆ.

“ಕೈ ಸಡಿಲಾಯ್ತು, ಲವ್,” ಎಂದಳು ನರ್ಸ್. “ಮಲಗಿದ್ದಾರೆ.”

ಲೆನ್ಸನ್ನು ಚೀಲದೊಳಗೆ ಇಡುವಂತಿರಲಿಲ್ಲ. ಅದರ ಮುಂದೆ, ಅಂಚಿನ ಮೇಲೆ ಕೂರುವ ಬೇರೆ ಲೆನ್ಸು ತರಿಸಿ ಇಟ್ಟೆ. ಒಂದು ಹೊಲಿಗೆ ಹಾಕಿದೆ. ಒಟ್ಟು ಐವತ್ತೆಂಟು ನಿಮಿಷ. ಪ್ಲಾಸ್ಟಿಕ್ಕು ತೆಗೆದಾಗ ಅವರ ಮುಖ ಬೆವರಿನಲ್ಲಿ ತೊಯ್ದಿತ್ತು. ನಾನೇನೂ ಅವರಿಗಿಂತ ಒಣಗಿರಲಿಲ್ಲ.

“ವರದಿ ಚೆನ್ನಾಗಿತ್ತು,” ಎಂದರು ಅವರು. “ನಡುವೆ ಒಂದು ಕಡೆ ಪ್ರಸಾರ ನಿಂತಿತು.”

ನಾನು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬೆಂಚಿನ ಮೇಲೆ ಕುಳಿತು ಅತ್ತೆ. ಆಮೇಲೆ ಮುಖ ತೊಳೆದು ಉಳಿದ ನಾಲ್ಕು ಆಪರೇಷನ್ ಮಾಡಿದೆ. ಅವುಗಳನ್ನೂ ಮಾತಾಡುತ್ತಲೇ ಮಾಡಿದೆ, ಯಾರೂ ಬೇಡ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವವರೆಗೆ ನನಗೆ ಜೀವದಲ್ಲಿ ಜೀವ ಇರಲಿಲ್ಲ. ಕಣ್ಣು ಕೆಂಪಾಗಿತ್ತು, ಕಪ್ಪು ಗುಡ್ಡೆ ಊದಿಕೊಂಡಿತ್ತು. ಅವರು ಮೂರು ಬೆರಳು ಎಂದು ಸರಿಯಾಗಿ ಹೇಳಿದರು, ನನ್ನ ಮುಖ ಮಂಜಿನಲ್ಲಿದ್ದಂತೆ ಕಾಣುತ್ತದೆ ಎಂದರು. ಊತ ಇಳಿಯುತ್ತದೋ ಇಲ್ಲವೋ ಇವತ್ತು ಹೇಳಲಾರೆ ಎಂದೆ. ಅವರು ತಲೆಯಾಡಿಸಿದರು. ಹನಿಔಷಧ ಕೊಟ್ಟು ಮೂರು ವಾರ ಬಿಟ್ಟು ಬರಲು ಹೇಳಿದೆ. ಆ ಮೂರು ವಾರ ಫೋನ್ ಬಂದಾಗಲೆಲ್ಲ ಇದು ಅವರದೇ ಕರೆ, ಕಣ್ಣು ನೋಯುತ್ತಿದೆ ಎನ್ನಲಿದ್ದಾರೆ ಎಂದುಕೊಂಡೇ ಎತ್ತುತ್ತಿದ್ದೆ.

ಮೂರು ವಾರದ ನಂತರ ಅವರು ಬಸ್ಸಿನಲ್ಲಿ ಬಂದರು, ಗೋಡೆ ತಡವದೆ. ಕನ್ನಡಕ ಹಾಕಿಸಿ ಗೋಡೆಯ ಫಲಕ ಓದಿಸಿದಾಗ ಕೆಳಗಿನಿಂದ ಮೂರನೆಯ ಸಾಲಿನವರೆಗೆ ಬಂದರು. ನಾನು ಉಸಿರು ಬಿಟ್ಟು ಕುರ್ಚಿಗೆ ಒರಗಿದೆ. ಅವರು ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಆಸ್ಪತ್ರೆಯ ಲಕೋಟೆ, ಅಂಚು ನೀಟಾಗಿ ಕತ್ತರಿಸಿತ್ತು.

“ಮೊದಲ ಸಲದ್ದು. ಅಷ್ಟು ದಿನ ತೆರೆಯದೆ ಇಟ್ಟಿದ್ದೆ. ಮೇಲಿನ ಮನೆಯವಳು ಓದಿ ಹೇಳುತ್ತೇನೆ ಎಂದಳು, ಬೇಡ ಎಂದೆ. ನನ್ನ ಬಗ್ಗೆ ಬರೆದದ್ದನ್ನು ನಾನೇ ಓದಬೇಕು, ಅದು ಹಳೆಯ ಅಭ್ಯಾಸ. ಈ ಕಣ್ಣು ಓದಿದ ಮೊದಲ ಪತ್ರ ಇದು.”

ಅವರು ಬಿಚ್ಚಿ ನನ್ನ ಕಡೆ ತಿರುಗಿಸಿದರು. ‘ರೋಗಿ ಸಹಕರಿಸಲಿಲ್ಲ.’ ಕೆಳಗೆ ನನ್ನ ಸಹಿ. ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದರು, ಸ್ವಲ್ಪ ಓರೆಯಾಗಿತ್ತು.

ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಎನ್ನಿಸಿತು. ದೂರು ಕೊಡುತ್ತಾರೆ ಎಂದುಕೊಂಡೆ. ಕೊಟ್ಟಿದ್ದರೆ ನ್ಯಾಯವೇ ಆಗಿತ್ತು. ಅವರು ಸಿಟ್ಟಿನಲ್ಲಿರಲಿಲ್ಲ.

“ಇದು ಯಾರ ವಾಕ್ಯ ಡಾಕ್ಟರ್? ನಿಮ್ಮದು ಅನ್ನಿಸುವುದಿಲ್ಲ. ನಿಮ್ಮ ದನಿ ನನಗೆ ಈಗ ಗೊತ್ತು.”

“ನನ್ನದೇ,” ಎಂದೆ.

ಅವರ ಎದುರಿಗೇ ಕಂಪ್ಯೂಟರ್ ತೆರೆದು ಜಿಪಿಗೆ ಹೊಸ ಪತ್ರ ಟೈಪ್ ಮಾಡಿದೆ. ಬರೆಯುವಾಗ ಬ್ಲೇಡು ಹಿಡಿದಾಗಿನದೇ ಭಯ. ಇಂಥ ಪತ್ರ ಫೈಲಿನಲ್ಲಿ ಕೂರುತ್ತದೆ, ನಾಳೆ ಯಾರು ಬೇಕಾದರೂ ನನ್ನ ಮುಂದೆ ಹಿಡಿಯಬಹುದು. ಪ್ರಿಂಟ್ ತೆಗೆದು ಅವರಿಗೆ ಕೊಟ್ಟೆ. ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಸಲ ಓದಿದರು.

“ನನ್ನ ಪುಟ ಹೋದ ವಾರ ಕಳಿಸಿದೆ,” ಎಂದರು ಕಾಗದದಿಂದ ಕಣ್ಣು ತೆಗೆಯದೆ. “ಅವಳ ಮಗಳಿಗೆ. ಆರು ಸಲ ಬರೆಯಬೇಕಾಯಿತು. ಮೊದಲ ಐದರಲ್ಲಿ ವಿಚಾರಣೆ, ಬಜೆಟ್ಟು, ಆ ಕಾಲದ ಪರಿಸ್ಥಿತಿ, ಎಲ್ಲ ಇತ್ತು.”

“ಉತ್ತರ ಬಂತೇ?”

“ಇಲ್ಲ. ಬರಬೇಕೆಂದೇನೂ ಇಲ್ಲ. ಪೆನ್ನು ಕೊಡಿ.”

ಕೊಟ್ಟೆ. ಅವರು ನನ್ನ ಪತ್ರದ ನಡುವೆ, ‘ಅಂದಿನ ಕೆಲಸದ ಒತ್ತಡದಿಂದಾಗಿ’ ಎಂದು ನಾನು ಬರೆದಿದ್ದ ಕಡೆ, ಒಂದು ನೇರವಾದ ಗೆರೆ ಎಳೆದು ಹೊಡೆದುಹಾಕಿ ಕಾಗದವನ್ನು ಹಿಂದೆ ಕೊಟ್ಟರು. ಉಳಿದದ್ದು ಎರಡು ಸಾಲು. ಅದನ್ನು ಹಾಗೆಯೇ ಮತ್ತೆ ಟೈಪ್ ಮಾಡಿ ಸಹಿ ಹಾಕಿದೆ: ‘ರೋಗಿ ಸಹಕರಿಸಲಿಲ್ಲ ಎಂದು ಹಿಂದೆ ಬರೆದದ್ದು ತಪ್ಪು. ಅವರು ಯಾಕೆ ಎದ್ದರು ಎಂದು ನಾನು ಕೇಳಲಿಲ್ಲ.’